ಅಪ್‌ಡೇಟ್: ಮಸ್ಕಿ ಮೀನಿಗೆ ಒಂದೇ ಗಾಳದ ಕೋಲು ಸಾಕೇ?

ಅಮೆರಿಕದ ಮಿನ್ನೆಸೋಟದ ಲೀಚ್ ಸರೋವರದಲ್ಲಿ ಮಸ್ಕಿ ಎಂಬ ದೊಡ್ಡ ಬೇಟೆಗಾರ ಮೀನನ್ನು ಹಿಡಿಯಲು, ಎಂಟು ಅಡಿಯ ಒಂದೇ ಕೋಲು ಮತ್ತು ದಾರವನ್ನು ಬೇಗ ಸುತ್ತುವ ವೇಗದ ರೀಲಿನಿಂದ ಎಲ್ಲ ಲ್ಯೂರ್‌ಗಳನ್ನೂ (ಮೀನನ್ನು ಸೆಳೆಯುವ ಕೃತಕ ಆಮಿಷಗಳನ್ನು) ಎಸೆಯಬಹುದೇ ಎಂದು ಜೂನ್‌ನಲ್ಲಿ ಕೇಳಿದ್ದೆ. ಕೋಲು-ರೀಲುಗಳ ಎರಡು ಜೋಡಿ ಇಟ್ಟುಕೊಳ್ಳಿ ಎಂದು ಹೆಚ್ಚಿನವರು ಸಲಹೆ ನೀಡಿದ್ದಿರಿ. ಅದು ಸರಿಯೆಂದು ಈಗ ಅನುಭವದಿಂದಲೇ ತಿಳಿಯಿತು.

10ನೇ ಸಂಖ್ಯೆಯ (ದೊಡ್ಡ ಅಳತೆಯ) ಎರಡು ತಗಡುಗಳು ತಿರುಗುವ ಬಕ್‌ಟೇಲ್ ಎಂಬ ಕುಚ್ಚಿನ ಲ್ಯೂರ್ ನೀರಿನಲ್ಲಿ ಒಡ್ಡುವ ಪ್ರತಿರೋಧ ಎಷ್ಟೆಂದರೆ, ಹಳೆಯ ವೇಗದ ರೀಲಿನಲ್ಲಿ ಅದನ್ನು ಎರಡು ಗಂಟೆ ಎಳೆಯುವಷ್ಟರಲ್ಲಿ ನನ್ನ ಮಣಿಕಟ್ಟು ಊದಿಕೊಂಡಿತ್ತು. ಗೇರ್ ಅನುಪಾತ 5:1ರ ಆಸುಪಾಸಿನಲ್ಲಿರುವ (ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಉರುಳೆ ಸುಮಾರು ಐದು ಸುತ್ತು ತಿರುಗುವ), ನಿಧಾನವಾದರೂ ಬಲವಾಗಿ ಎಳೆಯುವ, ಉದ್ದನೆಯ ಹಿಡಿಯುಳ್ಳ ರೀಲನ್ನು ಒಂಬತ್ತು ಅಡಿಯ ಗಟ್ಟಿ ಕೋಲಿಗೆ ಕಟ್ಟಿದ ಮೇಲೆ ಅದೇ ಲ್ಯೂರ್ ಸಲೀಸಾಗಿ ಬರುತ್ತಿದೆ. ಕೋಲಿನ ಉದ್ದದಿಂದ ಇನ್ನೊಂದು ಲಾಭವಿದೆ: ದೋಣಿಯವರೆಗೂ ಹಿಂಬಾಲಿಸಿ ಬಂದು ಅನುಮಾನಿಸುವ ಮೀನಿನ ಮುಂದೆ ಲ್ಯೂರನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಅಗಲವಾಗಿ ತಿರುಗಿಸಬಹುದು. ನನ್ನ ಈ ವರ್ಷದ ಅತಿ ದೊಡ್ಡ ಮೀನು ಕಚ್ಚಿದ್ದು ಹಾಗೆಯೇ, ಕಣ್ಣೆದುರೇ. ಆ ಕ್ಷಣವನ್ನು ನಾನು ಮರೆಯಲಾರೆ.

ಜರ್ಕ್‌ಬೈಟ್‌ಗೆ, ಅಂದರೆ ಜಗ್ಗಿ ಜಗ್ಗಿ ಆಡಿಸುವ ಲ್ಯೂರ್‌ಗೆ, ಎಂಟು ಅಡಿಯ ಹಳೆಯ ಜೋಡಿಯನ್ನೇ ಉಳಿಸಿಕೊಂಡಿದ್ದೇನೆ. ಅದು ಗಿಡ್ಡವಾದ್ದರಿಂದ, ಕೋಲನ್ನು ಕೆಳಮುಖವಾಗಿ ಜಗ್ಗುವಾಗ ಅದರ ತುದಿ ನೀರಿಗೆ ಬಡಿಯುವುದಿಲ್ಲ. ಪ್ರತಿ ಜಗ್ಗಿನ ನಂತರ ಸಡಿಲಾಗುವ ದಾರವನ್ನು ವೇಗದ ರೀಲು ಬೇಗನೆ ಸುತ್ತಿಕೊಳ್ಳುತ್ತದೆ. ಎರಡರಲ್ಲೂ 80 ಪೌಂಡ್ ಎಳೆತ ತಾಳುವ ಹೆಣೆದ ದಾರವನ್ನೇ ಬಳಸುತ್ತಿದ್ದೇನೆ.

ಒಂದು ಪೌಂಡ್ ತೂಗುವ ರಬ್ಬರ್ ಲ್ಯೂರ್‌ಗಳನ್ನು ಮಾತ್ರ ಈ ಎರಡರಿಂದಲೂ ಎಸೆಯುತ್ತಿಲ್ಲ. ಅವಕ್ಕೆ ಇನ್ನೂ ಬಲವಾದ ಕೋಲು ಬೇಕು, ಅದನ್ನು ಮುಂದಿನ ಋತುವಿನಲ್ಲಿ ಕೊಳ್ಳುತ್ತೇನೆ.