ಮಲ್ಟಿ ಮೀನುಗಳು ಒಂದೊಂದಾಗಿ ಸಾಯುತ್ತಿವೆ. ನೀರು ಗಡಸಾಗಿಯೇ ಇದೆ, ತಪ್ಪು ಎಲ್ಲಿ?

ಗದ್ದೆಬದು (ತುಮಕೂರು)

ಮೂರು ವಾರದ ಹಿಂದೆ ಎಂಟು ಮಲ್ಟಿಗಳನ್ನು ತಂದೆ. ಚಿಪ್ಪಿನಲ್ಲಿ ವಾಸಿಸುವ ಆಫ್ರಿಕಾದ ಸಿಕ್ಲಿಡ್ ಮೀನು, ನಿಯೋಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯೇಟಸ್. ಈಗ ಐದು ಉಳಿದಿವೆ. ನಿನ್ನೆ ಬೆಳಿಗ್ಗೆ ಸತ್ತದ್ದು ಎಲ್ಲಕ್ಕಿಂತ ದೊಡ್ಡದು, ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ತೊಟ್ಟಿ 60×30×30 ಸೆಂಟಿಮೀಟರ್. ನಮ್ಮ ಬೋರ್‌ವೆಲ್ ನೀರು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು) 620. ಪಿಎಚ್ 8.6, ಕೆಎಚ್ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್) 14, ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂನ ಗಡಸುತನ) 16, ಉಷ್ಣತೆ 27 ಡಿಗ್ರಿ. ಅಮೋನಿಯಾ 0.5, ನೈಟ್ರೈಟ್ 0.25, ನೈಟ್ರೇಟ್ 20. ಸ್ಪಂಜ್ ಫಿಲ್ಟರ್ ಹೊಸದಲ್ಲ, ಗಪ್ಪಿ ತೊಟ್ಟಿಯಲ್ಲಿ ಒಂದು ವರ್ಷ ಓಡಿದ್ದನ್ನೇ ತಂದು ಹಾಕಿದ್ದೇನೆ. ತಳಕ್ಕೆ ಅಂಗಡಿಯಲ್ಲಿ ಸಿಗುವ ಬಿಳಿ ಜಲ್ಲಿ, ಸುಮಾರು 3 ಮಿಲಿಮೀಟರ್ ಕಾಳು. ಚಿಪ್ಪುಗಳು 25: ಅಜ್ಜಿಯ ಊರಿನಲ್ಲಿ ಕೊಯ್ಲಾದ ಮೇಲೆ ಗದ್ದೆಯಿಂದ ಆರಿಸಿ ತಂದ ದೊಡ್ಡ ಬಸವನಹುಳುವಿನವು. ಬಿಸಿನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಹಾಕಿದ್ದೆ.

ಮೀನುಗಳು ಚಿಪ್ಪಿನೊಳಗೆ ಹೋಗುವುದನ್ನೇ ಬಿಟ್ಟಿವೆ. ಮೇಲಿನ ಮೂಲೆಯಲ್ಲಿ ನಿಂತು ಬೇಗ ಬೇಗ ಉಸಿರಾಡುತ್ತವೆ. "ಗಡಸು ನೀರಿದ್ದರೆ ಸಾಕು, ಇವು ಸಾಯುವುದೇ ಇಲ್ಲ" ಎಂದು ಅಂಗಡಿಯವರು ಹೇಳಿದ್ದರು.

ಎರಡಡಿ ತೊಟ್ಟಿ

ಸೋಂಕು ಇರಬಹುದು. ಒಂದು ಹಿಡಿ ಕಲ್ಲುಪ್ಪು, ನಾಲ್ಕು ಹನಿ ಮೆಥಿಲೀನ್ ಬ್ಲೂ ಹಾಕಿ ಮೂರು ದಿನ ದೀಪ ಆರಿಸಿಡಿ. ನನ್ನ ಮೊಲ್ಲಿಗಳು ಹೀಗೆಯೇ ಬದುಕಿದವು.

ಮರಳುಗುಂಡಿ

ದಯವಿಟ್ಟು ಮೆಥಿಲೀನ್ ಬ್ಲೂ ಹಾಕಬೇಡಿ. ಫಿಲ್ಟರಿನಲ್ಲಿ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳಿಗೂ ಅದರ ಏಟು ಬೀಳುತ್ತದೆ, ಈಗ ನಿಮಗೆ ಬೇಕಾಗಿರುವುದೇ ಅವು. ಉಪ್ಪೂ ಬೇಡ. ಇವುಗಳ ತವರಾದ ಟ್ಯಾಂಗನೀಕಾ ಸರೋವರ ಗಡಸು ನೀರಿನದು, ಉಪ್ಪು ನೀರಿನದಲ್ಲ.

ನಿಮ್ಮ ಅಂಕಿಗಳಲ್ಲಿ ನನ್ನ ಕಣ್ಣು ನಿಂತದ್ದು ಅಮೋನಿಯಾದ ಮೇಲೆ. 0.5 ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ, ಗಪ್ಪಿ ಸಾಕಿದವರೆಲ್ಲ ಹಾಗೆಯೇ ಮಾಡುತ್ತಾರೆ. ಪರೀಕ್ಷೆಯ ಕಿಟ್ ತೋರಿಸುವುದು ಒಟ್ಟು ಅಮೋನಿಯಾವನ್ನು. ಅದರಲ್ಲಿ ಎರಡು ಪಾಲು ಇರುತ್ತವೆ: ಹೆಚ್ಚು ತೊಂದರೆ ಕೊಡದ ಅಮೋನಿಯಂ, ಕಿವಿರನ್ನು ಸುಡುವ ಮುಕ್ತ ಅಮೋನಿಯಾ. ಯಾವುದು ಎಷ್ಟು ಎಂಬುದನ್ನು ಪಿಎಚ್ ತೀರ್ಮಾನಿಸುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಮುಕ್ತ ಪಾಲು ನೂರಕ್ಕೆ ಒಂದೂ ಇಲ್ಲ, ಅರ್ಧದಷ್ಟು. ಪಿಎಚ್ 8ರಲ್ಲಿ ಸುಮಾರು 5. ನಿಮ್ಮ 8.6ರಲ್ಲಿ 18. ನಿಮ್ಮ ತೊಟ್ಟಿ 27 ಡಿಗ್ರಿ, ಅಂದರೆ ಇನ್ನೂ ಸ್ವಲ್ಪ ಹೆಚ್ಚು. ಪಿಎಚ್ 7ರ ತೊಟ್ಟಿಯ 0.5ಕ್ಕೂ ಈ ತೊಟ್ಟಿಯ 0.5ಕ್ಕೂ ಮೂವತ್ತು ಪಟ್ಟು ಅಂತರ. ಮೀನುಗಳು ಮೇಲೆ ಬಂದು ಏದುಸಿರು ಬಿಡುತ್ತಿರುವುದು ಅದಕ್ಕೇ.

ಹಾಗೆಂದು ಪಿಎಚ್ ಇಳಿಸಲು ಹೋಗಬೇಡಿ. ಈ ಮೀನಿಗೆ ಬೇಕಾದ ನೀರೇ ಅದು. ಹುಡುಕಬೇಕಾದದ್ದು ಅಮೋನಿಯಾ ಎಲ್ಲಿಂದ ಬರುತ್ತಿದೆ ಎಂಬುದನ್ನು. ಒಂದು ವರ್ಷ ಹಳೆಯ ಸ್ಪಂಜ್ ಐದು ಪುಟ್ಟ ಮೀನುಗಳ ಕಸವನ್ನು ಸುಲಭವಾಗಿ ನುಂಗಬೇಕು. ನುಂಗಲಾಗುತ್ತಿಲ್ಲ ಎಂದರೆ ತೊಟ್ಟಿಯೊಳಗೆ ಬೇರೆ ಏನೋ ಕೊಳೆಯುತ್ತಿದೆ.

ಈಗಲೇ ಅರ್ಧ ನೀರು ಬದಲಿಸಿ. ಬೋರ್‌ವೆಲ್ ನೀರನ್ನು ನೇರವಾಗಿ ಸುರಿಯಬೇಡಿ. ಆಗಷ್ಟೇ ಎತ್ತಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಪಿಎಚ್ ಕಡಿಮೆ ತೋರಿಸುತ್ತದೆ. ರಾತ್ರಿಯಿಡೀ ಗಾಳಿ ಆಡಿಸಿದರೆ ಮೇಲೇರುತ್ತದೆ. ಇಂದು ಅವಸರವಿದೆ, ಕನಿಷ್ಠ ಎರಡು ಗಂಟೆ ಗಾಳಿ ಆಡಿಸಿ, ನಿಧಾನವಾಗಿ ಹನಿಸಿ.

ಆಮೇಲೆ ಒಂದು ಖಾಲಿ ಚಿಪ್ಪನ್ನು ತೆಗೆದು, ನೀರು ಬಸಿದು, ಬಾಯಿಯನ್ನು ಮೂಗಿಗೆ ಹಿಡಿಯಿರಿ.

ಗದ್ದೆಬದು

ಮೂಗಿಗೆ ಹಿಡಿದೆ. ರಾತ್ರಿ ಊಟ ಮಾಡಲಿಲ್ಲ.

25ರಲ್ಲಿ ಏಳು ಚಿಪ್ಪುಗಳು ನಾರುತ್ತಿವೆ. ತಂತಿ ಬಗ್ಗಿಸಿ ಒಳಸುಳಿಗೆ ಹಾಕಿದರೆ ಕಪ್ಪು ಲೋಳೆ ಬಂತು. ಒಂದರಲ್ಲಿ ಬಾಯಿಮುಚ್ಚಳವೂ ಒಳಗೇ ಇತ್ತು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಹೊಳಪು. ಬಿಸಿಲಿಗೆ ಹಾಕಿದಾಗ ಒಳಗಿನದು ಒಣಗಿ ಒಳಸುಳಿಗೆ ಅಂಟಿಕೊಂಡಿದೆ, ತೊಟ್ಟಿಗೆ ಬಿದ್ದ ಮೇಲೆ ಮತ್ತೆ ನೆನೆದಿದೆ. ಏಳನ್ನೂ ಎಸೆದೆ. ಅರ್ಧ ನೀರು ಬದಲಿಸಿದೆ. ಉಳಿದ 18ನ್ನು ಏನು ಮಾಡಲಿ? ಅವುಗಳಲ್ಲಿ ಎರಡರೊಳಗೆ ಮೀನುಗಳಿವೆ, ಇಂದು ಮತ್ತೆ ಒಳಗೆ ಹೋಗಿವೆ.

ಮರಳುಗುಂಡಿ

ಒಳಗೆ ಹೋಗಿವೆ ಎಂದರೆ ಒಳ್ಳೆಯ ಸುದ್ದಿ.

ಉಳಿದವನ್ನೂ ನಂಬಬೇಡಿ. ಎಲ್ಲವನ್ನೂ ತೆಗೆದು ಇಪ್ಪತ್ತು ನಿಮಿಷ ಕುದಿಸಿ, ಅಡುಗೆಮನೆಯ ಪಾತ್ರೆಯಲ್ಲಿ ಬೇಡ. ಕುದಿಸಿದ ಮೇಲೆ ಅರ್ಧ ನೀರು ತುಂಬಿಸಿ, ಬಾಯಿಗೆ ಹೆಬ್ಬೆರಳು ಒತ್ತಿ ಜೋರಾಗಿ ಕುಲುಕಿ, ಬಗ್ಗಿಸಿ. ನೀರು ತಿಳಿಯಾಗಿ ಬರುವ ತನಕ. ಬಳಿಕ ಎಲ್ಲವನ್ನೂ ಒಂದು ಬಕೆಟ್ ಶುದ್ಧ ನೀರಿನಲ್ಲಿ ಐದು ದಿನ ಮುಳುಗಿಸಿಡಿ. ಆರನೆಯ ದಿನ ಬಕೆಟ್ಟಿನ ನೀರಿಗೇ ಅಮೋನಿಯಾ ಪರೀಕ್ಷೆ ಮಾಡಿ. ಸೊನ್ನೆ ಬಂದರೆ ಮಾತ್ರ ತೊಟ್ಟಿಗೆ. ಮೂಗು ಸುಳ್ಳು ಹೇಳಬಹುದು, ಬಕೆಟ್ ಹೇಳುವುದಿಲ್ಲ.

ಒಳಗಿರುವ ಮೀನನ್ನು ಹೊರಗೆ ತರಲು ಚಿಪ್ಪನ್ನು ಒಡೆಯಬಾರದು, ಅಲುಗಾಡಿಸಲೂಬಾರದು. ತೊಟ್ಟಿಯ ನೀರು ತುಂಬಿದ ಡಬ್ಬಿಯ ಮೇಲೆ, ನೀರಿಗೆ ಒಂದೆರಡು ಸೆಂಟಿಮೀಟರ್ ಎತ್ತರದಲ್ಲಿ, ಚಿಪ್ಪಿನ ಬಾಯಿಯನ್ನು ಕೆಳಮುಖವಾಗಿ ಹಿಡಿದು ನಿಧಾನವಾಗಿ ಸುಳಿಯ ದಿಕ್ಕಿನಲ್ಲಿ ತಿರುಗಿಸಿ. ಒಳಗಿನ ನೀರು ಬಸಿಯುತ್ತಿದ್ದಂತೆ ಮೀನು ತಾನಾಗಿ ಜಾರಿ ಬೀಳುತ್ತದೆ. ಮೊಂಡು ಹೆಣ್ಣುಗಳು ಅರ್ಧ ನಿಮಿಷ ತಡಮಾಡುತ್ತವೆ, ಕಾಯಿರಿ.

ಗದ್ದೆಯ ಚಿಪ್ಪಿಗೆ ನನ್ನ ಆಕ್ಷೇಪವಿಲ್ಲ, ನಾನೂ ಅದನ್ನೇ ಬಳಸುತ್ತೇನೆ. ಆದರೆ ಅಡಿಕೆ ತೋಟ, ಕೈತೋಟದಲ್ಲಿ ಸಿಗುವ ಶಂಖದ ಹುಳುವಿನ ಚಿಪ್ಪನ್ನು ತರಬೇಡಿ. ಅವುಗಳನ್ನು ಕೊಲ್ಲಲು ಮೆಟಾಲ್ಡಿಹೈಡ್ ಗುಳಿಗೆ ಇಡುತ್ತಾರೆ, ಕೆಲವರು ಮೈಲುತುತ್ತವನ್ನೂ ಸಿಂಪಡಿಸುತ್ತಾರೆ. ಮೈಲುತುತ್ತದಲ್ಲಿರುವ ತಾಮ್ರವಂತೂ ಕುದಿಸಿದರೆ ಹೋಗುವ ವಿಷವಲ್ಲ.

ನೀಲಿ ಬಕೆಟ್ (ಬೆಂಗಳೂರು)

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನಲ್ಲೂ ಮಲ್ಟಿಗಳಿವೆ, ಅಪಾರ್ಟ್‌ಮೆಂಟಿನ ನೀರು. ಟಿಡಿಎಸ್ 700, ಪಿಎಚ್ 8.3. ಇಷ್ಟು ಗಡಸು ನೀರಿನಲ್ಲೂ ತೊಟ್ಟಿಯ ನೀರುಬಸವನಗಳ ಚಿಪ್ಪು ಬೆಳ್ಳಗಾಗಿ ತೂತು ಬೀಳುತ್ತಿದೆ. ಏಕೆ?

ಮರಳುಗುಂಡಿ

ನಿಮ್ಮ ಕಟ್ಟಡದಲ್ಲಿ ಸಾಫ್ಟನರ್ ಇದೆಯೇ ಎಂದು ಕೇಳಿ. ಇದ್ದರೆ ಉತ್ತರ ಅಲ್ಲಿಯೇ ಇದೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಕೆಎಚ್ ಹಾಗೆಯೇ ಇರುತ್ತದೆ, ಜಿಎಚ್ ಮಾತ್ರ ಸೊನ್ನೆಯ ಹತ್ತಿರ ಬರುತ್ತದೆ. ಟಿಡಿಎಸ್ ಮೀಟರಿಗೆ ಉಪ್ಪು ಯಾವುದು, ಸುಣ್ಣ ಯಾವುದು ಎಂದು ಗೊತ್ತಿಲ್ಲ. ಸಾಫ್ಟನರಿಗೆ ಮೊದಲಿನ ಕೊಳವೆಯಿಂದ, ಸಾಮಾನ್ಯವಾಗಿ ತೋಟದ ನಲ್ಲಿಯಿಂದ, ನೀರು ಸಿಕ್ಕಿದರೆ ಅದನ್ನೇ ಬಳಸಿ. ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಆಫ್ರಿಕಾದ ಮೀನುಗಳಿಗೆ ಹಾಕುವವರೂ ಇದ್ದಾರೆ. ಜಾಣತನವೇ, ಆದರೆ ಸುಣ್ಣದ ಜೊತೆಗೆ ನೈಟ್ರೇಟ್ ಕೂಡ ಸಾಂದ್ರವಾಗಿ ಬರುತ್ತದೆ; ಅಳೆಯದೆ ಹಾಕಬೇಡಿ.

ಕಾನುಮನೆ (ಸಾಗರ)

ನಮ್ಮ ಬಾವಿ ನೀರಿನ ಟಿಡಿಎಸ್ 40. ಮಲ್ಟಿ ಸಾಕುವ ಆಸೆಯನ್ನು ಬಿಟ್ಟುಬಿಡಬೇಕೇ?

ಮರಳುಗುಂಡಿ

ಬಿಡಬೇಕಾಗಿಲ್ಲ, ತಕ್ಕಡಿ ಬೇಕು. ಕೆಎಚ್ ಒಂದು ಡಿಗ್ರಿ ಏರಲು ಲೀಟರಿಗೆ 30 ಮಿಲಿಗ್ರಾಂ ಅಡುಗೆ ಸೋಡಾ. ಜಿಎಚ್ ಒಂದು ಡಿಗ್ರಿಗೆ ಲೀಟರಿಗೆ 44 ಮಿಲಿಗ್ರಾಂ ಎಪ್ಸಮ್ ಉಪ್ಪು. ಫಿಲ್ಟರಿನೊಳಗೆ ಹವಳದ ಚೂರುಗಳ ಒಂದು ಚೀಲ; ಕ್ಯಾಲ್ಸಿಯಂ ಅದರಿಂದ ಬರುತ್ತದೆ. ಬದಲಿ ನೀರನ್ನು ಹಿಂದಿನ ದಿನವೇ ಡ್ರಮ್ಮಿನಲ್ಲಿ ತಯಾರಿಸಿಕೊಳ್ಳಿ. ತೊಟ್ಟಿಗೆ ನೇರವಾಗಿ ಚಮಚದಲ್ಲಿ ಸುರಿಯಬೇಡಿ. ಮಲೆನಾಡಿನ ನೀರಿನಲ್ಲಿ ಖಾಲಿ ಚಿಪ್ಪುಗಳೂ ನಿಧಾನವಾಗಿ ಕರಗುತ್ತವೆ ಎಂಬುದು ನೆನಪಿರಲಿ.

ಟ್ಯಾಂಗನೀಕಾದಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ನಿಯೋಥೌಮಾ ಎಂಬ ಬಸವನಹುಳು ಸತ್ತ ಮೇಲೂ ಅದರ ಚಿಪ್ಪು ಆ ನೀರಿನಲ್ಲಿ ಬೇಗ ಕರಗುವುದಿಲ್ಲ. ಹಾಗಾಗಿ ತಲೆಮಾರುಗಳ ಚಿಪ್ಪುಗಳು ತಳದಲ್ಲಿ ರಾಶಿ ಬಿದ್ದು ಹಾಸಿಗೆಯಾಗಿವೆ. ಬಂಡೆಯಿಲ್ಲದ ಬಯಲಿನಲ್ಲಿ ಪುಟ್ಟ ಮೀನಿಗೆ ಅಡಗಲು ಬೇರೆ ಜಾಗವಿಲ್ಲ, ಚಿಪ್ಪನ್ನೇ ಮನೆ ಮಾಡಿಕೊಂಡಿತು. ಅದೇ ಸರೋವರದ ಲ್ಯಾಂಪ್ರೊಲೋಗಸ್ ಕ್ಯಾಲಿಪ್ಟೆರಸ್ ಇನ್ನೂ ವಿಚಿತ್ರ: ಗಂಡು ಚಿಪ್ಪುಗಳನ್ನು ಬಾಯಿಯಲ್ಲಿ ಹೊತ್ತು ತಂದು ಗುಡ್ಡೆ ಹಾಕುತ್ತದೆ, ಹೆಣ್ಣುಗಳು ಬಂದು ಅವುಗಳೊಳಗೆ ಮೊಟ್ಟೆ ಇಡುತ್ತವೆ. ಚಿಪ್ಪು ಹೊರಬೇಕಾದ ಗಂಡು ಚಿಪ್ಪಿನೊಳಗೆ ಹಿಡಿಸಬೇಕಾದ ಹೆಣ್ಣಿಗಿಂತ ಹನ್ನೆರಡು ಪಟ್ಟು ತೂಕ. ಇದು ತುಮಕೂರಿನ ತೊಟ್ಟಿಗೆ ಸಂಬಂಧವಿಲ್ಲದ ಮಾತು, ಆದರೂ ಹೇಳದೆ ಇರಲಾಗಲಿಲ್ಲ.

ಗದ್ದೆಬದು

ಒಂಬತ್ತು ದಿನವಾಯಿತು. ಮೊದಲ ವಾರ ದಿನವೂ ಮೂರನೆಯ ಒಂದು ಪಾಲು ನೀರು ಬದಲಿಸಿದೆ. ಇನ್ನೊಂದು ಮೀನು ಹೋಯಿತು, ಅದರ ಕಿವಿರು ಮೊದಲೇ ಕೆಂಪಾಗಿ ಊದಿತ್ತು. ಉಳಿದ ನಾಲ್ಕು ಚೆನ್ನಾಗಿ ಉಸಿರಾಡುತ್ತಿವೆ. ಬಕೆಟ್ಟಿನ ಪರೀಕ್ಷೆಯಲ್ಲಿ ಮೊದಲ ಸಲ 0.25 ಬಂತು. ಮತ್ತೆ ಕುದಿಸಿ, ಮತ್ತೆ ನೆನೆಸಿ, ಈಗ ಸೊನ್ನೆ. ತೊಟ್ಟಿಯಲ್ಲೂ ಸೊನ್ನೆ.

ಆದರೆ ಚಿಪ್ಪುಗಳನ್ನು ಮರಳಿ ಹಾಕಿದ ಮೇಲೂ ಮೀನುಗಳು ನೆಲೆ ನಿಲ್ಲುತ್ತಿಲ್ಲ. ಒಂದು ಮೀನು ಜಲ್ಲಿಕಲ್ಲನ್ನು ಬಾಯಿಗೆ ತೆಗೆದುಕೊಳ್ಳಲು ನೋಡುತ್ತದೆ, ಆಗದೆ ಬಿಡುತ್ತದೆ, ಮತ್ತೆ ನೋಡುತ್ತದೆ. ನೋಡಲು ಕಷ್ಟವಾಗುತ್ತದೆ.

ಮರಳುಗುಂಡಿ

ಅಮೋನಿಯಾದ ಗಲಾಟೆಯಲ್ಲಿ ನಾನು ಜಲ್ಲಿಯ ವಿಷಯವನ್ನು ಮುಂದಕ್ಕೆ ಹಾಕಿದ್ದೆ. ಈ ಮೀನಿನ ಹೆಣ್ಣು ಮೂರು ಸೆಂಟಿಮೀಟರ್, ಗಂಡು ಐದು ದಾಟುವುದು ಅಪರೂಪ. 3 ಮಿಲಿಮೀಟರ್ ಕಲ್ಲು ಅದಕ್ಕೆ ನಮಗೆ ತೆಂಗಿನಕಾಯಿ ಇದ್ದಂತೆ. ಮಲ್ಟಿ ಚಿಪ್ಪಿನ ಸುತ್ತಲಿನ ಮರಳನ್ನು ಬಾಯಿಂದ ಎತ್ತಿ ಆಚೆ ಉಗುಳಿ, ಗುಂಡಿ ತೋಡಿ, ಚಿಪ್ಪನ್ನು ತನಗೆ ಬೇಕಾದ ಕೋನಕ್ಕೆ ಇಳಿಸಿಕೊಳ್ಳುತ್ತದೆ. ತೋಡಲಾಗದಿದ್ದರೆ ಅದಕ್ಕೆ ಚಿಪ್ಪು ಇದೆ, ಮನೆಯಿಲ್ಲ.

ಜಲ್ಲಿ ಪೂರ್ತಿ ತೆಗೆಯಿರಿ, ಐದಾರು ಸೆಂಟಿಮೀಟರ್ ನುಣುಪು ಮರಳು ಹಾಕಿ. ಎಂ-ಸ್ಯಾಂಡ್ ಬೇಡ: ಅದು ಪುಡಿ ಮಾಡಿದ ಬಂಡೆ, ಅಂಚುಗಳು ಚೂಪಾಗಿರುತ್ತವೆ, ದಿನಕ್ಕೆ ನೂರಾರು ಬಾರಿ ಬಾಯಿಗೆ ಹಾಕಿಕೊಳ್ಳುವ ಮೀನಿಗೆ ಅಲ್ಲ. ನೀರು ಶುದ್ಧೀಕರಣಕ್ಕೆ ಬಳಸುವ ಸಣ್ಣ ಫಿಲ್ಟರ್ ಮರಳು ಒಳ್ಳೆಯದು. ಹಳೆ ಮನೆ ಕಟ್ಟಿದಾಗ ಉಳಿದ ಹೊಳೆಮರಳು ಯಾರ ಹಿತ್ತಲಲ್ಲಾದರೂ ಇದ್ದರೆ ಜರಡಿ ಹಿಡಿದು ತೊಳೆದರೂ ಆದೀತು. ಚಿಪ್ಪುಗಳನ್ನು ನೀವು ಹೂಳಬೇಡಿ, ಒತ್ತೊತ್ತಾಗಿ ಮೇಲೆ ಇಟ್ಟು ಬಿಡಿ. ಕಲ್ಲು ಇಡುವುದಾದರೆ ಮರಳಿಗಿಂತ ಮೊದಲು ಗಾಜಿನ ಮೇಲೆಯೇ ಕೂರಿಸಿ. ಮರಳಿನ ಮೇಲೆ ಇಟ್ಟರೆ ಅಡಿ ತೋಡಿ ಉರುಳಿಸುತ್ತವೆ. ಸ್ಪಂಜನ್ನು ಈ ಕೆಲಸದ ನಡುವೆ ತೊಟ್ಟಿಯ ನೀರಿನ ಬಕೆಟ್ಟಿನಲ್ಲೇ ಓಡಿಸುತ್ತಿರಿ, ನಲ್ಲಿ ನೀರಿನಲ್ಲಿ ಹಿಂಡಬೇಡಿ.

ಎರಡಡಿ ತೊಟ್ಟಿ

ಮೆಥಿಲೀನ್ ಬ್ಲೂ ವಿಷಯದಲ್ಲಿ ನಾನು ತಪ್ಪಿದೆ. ಮೊಲ್ಲಿಗಳು ಬದುಕಿದ್ದು ಬಹುಶಃ ಅದರ ಜೊತೆಗೆ ಮಾಡಿದ ನೀರಿನ ಬದಲಾವಣೆಯಿಂದ.

ಗದ್ದೆಬದು

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಮರಳು ಹಾಕಿದ ರಾತ್ರಿಯೇ ಕೆಲಸ ಶುರುವಾಯಿತು. ಬೆಳಿಗ್ಗೆ ನೋಡಿದರೆ ಎಡಮೂಲೆಯಲ್ಲಿ ತಳದ ಗಾಜು ಕಾಣುತ್ತಿತ್ತು, ಬಲಮೂಲೆಯಲ್ಲಿ ಗುಡ್ಡ. ನಾನು ಸಮ ಮಾಡಿದೆ. ಮರುದಿನ ಮತ್ತೆ ಗುಡ್ಡ. ಈಗ ಸಮ ಮಾಡುವುದನ್ನು ಬಿಟ್ಟಿದ್ದೇನೆ. ಕೈ ಹಾಕಿದರೆ ಮೂರು ಸೆಂಟಿಮೀಟರಿನ ಹೆಣ್ಣೊಂದು ಬಂದು ಬೆರಳಿಗೆ ಗುದ್ದುತ್ತದೆ.

ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡುವಾಗ ನಡುವಿನ ಚಿಪ್ಪಿನ ಬಾಯಲ್ಲಿ ಅಕ್ಕಿನುಚ್ಚಿನಷ್ಟು ಏನೋ ಕದಲಿತು. ಎಣಿಸಿದೆ, ಆರು. ದೊಡ್ಡವನ್ನು ಬೇರೆ ಮಾಡಬೇಕೇ?

ಮರಳುಗುಂಡಿ

ಬೇಡ. ಮಲ್ಟಿ ತನ್ನ ಮರಿಗಳನ್ನು ತಿನ್ನುವುದು ತೀರ ಕಡಿಮೆ, ದೊಡ್ಡ ಮರಿಗಳೂ ಅದೇ ಕೇರಿಯಲ್ಲಿ ಉಳಿಯುತ್ತವೆ, ಆರು ಕಂಡಿದ್ದರೆ ಇನ್ನಷ್ಟು ಒಳಗಿವೆ. ಆರ್ಟೀಮಿಯಾ (ಮರಿಗಳಿಗೆ ಆಹಾರವಾಗುವ ಉಪ್ಪುನೀರಿನ ಪುಟ್ಟ ಸಿಗಡಿ) ಮೊಟ್ಟೆಯನ್ನು ಇಂದೇ ಉಪ್ಪುನೀರಿಗೆ ಹಾಕಿ, ನಾಳೆ ಸಂಜೆಗೆ ಮರಿ ಬರುತ್ತದೆ. ಪಿಪೆಟ್‌ನಲ್ಲಿ ಹೀರಿ ಚಿಪ್ಪಿನ ಬಾಯಿಯ ಹತ್ತಿರ ಬಿಡಿ. ಮುಂದಿನ ಎರಡು ತಿಂಗಳು ಚಿಪ್ಪುಗಳನ್ನು ಎತ್ತಲೇಬೇಡಿ. ನೀರು ತೆಗೆಯುವ ಪೈಪಿನ ಬಾಯಿಗೆ ಹಳೆಯ ಕಾಲುಚೀಲ ಕಟ್ಟಿ. ನನ್ನ ಮೊದಲ ಸಂಸಾರದ ಅರ್ಧದಷ್ಟನ್ನು ಬಕೆಟ್ಟಿನಲ್ಲಿ ನೋಡದೆ ಬಚ್ಚಲಿಗೆ ಸುರಿದವನು ನಾನು.

ಗದ್ದೆಬದು

ಕಾಲುಚೀಲ ಕಟ್ಟಿದೆ. ಹನ್ನೊಂದು.