ಸಹಾಯ ಬೇಕು: ಕ್ರಾಸಿನಲ್ಲಿ ಕಾರಿಗೆ ಕಾರು ತಾಗಿದೆ, ತಪ್ಪು ಯಾರದ್ದು?

ನಮಸ್ಕಾರ. ಶಿವಮೊಗ್ಗದ ವಕೀಲರು, ಇನ್ಶೂರೆನ್ಸ್ ಸರ್ವೇಯರ್ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಭಾನುವಾರ ಸಂಜೆ, ಜಿಟಿಜಿಟಿ ಮಳೆ. ವಿನೋಬನಗರದ 100 ಅಡಿ ರಸ್ತೆಯಲ್ಲಿ ನೇರ ಹೋಗುತ್ತಿದ್ದೆ. ಸಿಗ್ನಲ್ ಇಲ್ಲದ ಕ್ರಾಸು. ಎಡಗಡೆಯಿಂದ ಒಂದು ಕಾರು ನಿಲ್ಲಿಸದೆ ನುಗ್ಗಿತು. ಬ್ರೇಕ್ ಒತ್ತಿದರೂ ಟೈರ್ ಜಾರಿ, ನನ್ನ ಬಂಪರ್ ಅವರ ಬಲಗಡೆಯ ಹಿಂದಿನ ಬಾಗಿಲಿಗೆ ತಾಗಿತು. ಪುಣ್ಯಕ್ಕೆ ಯಾರಿಗೂ ಏಟಾಗಿಲ್ಲ.

"ನಾನು ಮುಕ್ಕಾಲು ದಾಟಿದ್ದೆ, ಬಂದು ಗುದ್ದಿದ್ದು ನೀವು, ರಿಪೇರಿ ದುಡ್ಡು ಕೊಡಿ" ಅಂತ ಅವರ ವಾದ. ಸೇರಿದ ಜನರೂ ಹಾಗೇ ಅಂದರು. ನಮ್ಮಲ್ಲಿ ಗುದ್ದಿದವನದೇ ತಪ್ಪು ಅಲ್ವಾ! ಆದರೆ 2017ರ ಡ್ರೈವಿಂಗ್ ನಿಯಮಗಳ ಪ್ರಕಾರ, ಮುಖ್ಯರಸ್ತೆಗೆ ಬರುವವರು ಅಲ್ಲಿ ಹೋಗುತ್ತಿರುವ ಗಾಡಿಗೆ ದಾರಿ ಬಿಡಬೇಕು. ಎರಡೂ ಒಂದೇ ಥರದ ರಸ್ತೆ ಅಂದುಕೊಂಡರೂ, ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ಅವರ ಬಲಕ್ಕಿದ್ದವನು ನಾನೇ.

ಜಖಂ ಎಲ್ಲಾಗಿದೆ ಅನ್ನೋದರ ಮೇಲೇ ತಪ್ಪು ತೀರ್ಮಾನ ಆಗುತ್ತದಾ? ಮಳೆ, ವೇಗ ಅಂತ ಹೇಳಿ ಅರ್ಧ ತಪ್ಪು ನನ್ನ ತಲೆಗೂ ಕಟ್ಟುತ್ತಾರಾ? ಸುಮ್ನೆ ನನ್ನ ಇನ್ಶೂರೆನ್ಸ್‌ನಲ್ಲೇ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ, ಅದೊಂದು ಸಂಕಟ.

ಎದುರಿನ ಬೇಕರಿಯ ಸಿಸಿಟಿವಿಯಲ್ಲಿ ಎಲ್ಲಾ ಬಿದ್ದಿದೆ. ಪೊಲೀಸರು ಕೇಳಿದರೆ ಮಾತ್ರ ಕೊಡುತ್ತಾರಂತೆ. ಹಳೇದು ತಾನಾಗೇ ಅಳಿಸಿಹೋಗುತ್ತದಂತೆ, ಹಾಗಾಗಿ ಸ್ವಲ್ಪ ಅರ್ಜೆಂಟು.