ಹತ್ತರಿ, ಉಳಿ, ಕೈ ನೋವು: ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಹವ್ಯಾಸಿ ಮರಗೆಲಸದ ಬಳಗಕ್ಕೆ ನಮಸ್ಕಾರ. ಇವತ್ತು ಸಂಜೆ ಫಿಸಿಯೋ ಮೇಡಂ ನಮ್ಮ ಜೊತೆ ಇದ್ದಾರೆ. ವಯಸ್ಸು, ಶುಗರ್, ಬಿಪಿ ಎಲ್ಲ ಬರೆದು ಕೇಳಿ.

ಹಾಸನದ ಮೇಷ್ಟ್ರು: 66 ವರ್ಷ. ಹತ್ತರಿ ಹೊಡೆದ ಮಾರನೇ ದಿನ ಬಲಗೈ ಹೆಬ್ಬೆರಳಿನ ಬುಡ ನೋಯುತ್ತೆ, ಬಾಟಲಿ ಮುಚ್ಚಳ ತಿರುಗಿಸೋಕೂ ಆಗಲ್ಲ. ಮರಗೆಲಸ ಬಿಡಬೇಕಾ ಮೇಡಂ?

ಫಿಸಿಯೋ ಮೇಡಂ: ಬಿಡಬೇಡಿ ಸರ್. ಹೆಬ್ಬೆರಳಿನ ಬುಡದ ಕೀಲು ಸವೆದಾಗ ಹೀಗಾಗುತ್ತೆ. ಉಳಿಯ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಳ್ಳಿ. ಅಲಗು ಹರಿತವಾಗಿರಲಿ, ಮೊಂಡಾದಷ್ಟೂ ಕೈ ಬಿಗಿಯಾಗಿ ಹಿಡಿಯುತ್ತೆ. ಉಪ್ಪುಕಾಗದವನ್ನು ಬೆರಳಲ್ಲಿ ಹಿಡಿಯಬೇಡಿ, ಮರದ ತುಂಡಿಗೆ ಸುತ್ತಿ ಅಂಗೈಯಿಂದ ಉಜ್ಜಿ. ಹೆಬ್ಬೆರಳಿಗೆ ಹಾಕೋ ಸ್ಪ್ಲಿಂಟ್ (ಕೀಲು ಅಲುಗದಂತೆ ಹಿಡಿಯೋ ಪಟ್ಟಿ) ಸಿಗುತ್ತೆ, ಕೆಲಸದ ಹೊತ್ತಲ್ಲಿ ಹಾಕಿಕೊಳ್ಳಿ.

ತುಮಕೂರು ಅಜ್ಜ: 71. ನೆಲದಲ್ಲಿ ಕೂತು ಗರಗಸ ಹಿಡೀತೀನಿ. ಏಳುವಾಗ ಮಂಡಿ ಕಟಕಟ ಅನ್ನುತ್ತೆ, ನೋವೂ ಇದೆ.

ಫಿಸಿಯೋ ಮೇಡಂ: ಶಬ್ದಕ್ಕೆ ಹೆದರಬೇಡಿ. ನೆಲ ಬಿಟ್ಟು ಮೇಜಿಗೆ ಬನ್ನಿ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟು ಎಲ್ಲಿ ಬರುತ್ತೋ ಹೆಚ್ಚುಕಮ್ಮಿ ಅಷ್ಟು ಎತ್ತರ ಇರಲಿ. ದಿನಾ ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ಕೂತು ಮಾಡಿ, ತೊಡೆಗೆ ಬಲ ಬಂದರೆ ಮಂಡಿಗೆ ಹಗುರ.

ಶಿರಸಿ ಮಾವ: (ಫಾರ್ವರ್ಡ್) ಎಕ್ಕದ ಎಲೆ ಬಿಸಿ ಮಾಡಿ ರಾತ್ರಿ ಮಂಡಿಗೆ ಕಟ್ಟಿ. ಏಳೇ ದಿನದಲ್ಲಿ ಸವೆದ ಮೂಳೆ ಬೆಳೆಯುತ್ತೆ. ಎಲ್ಲರಿಗೂ ಕಳಿಸಿ.

ಫಿಸಿಯೋ ಮೇಡಂ: ಸವೆದ ಕೀಲು ಎಲೆಯಿಂದ ಬೆಳೆಯಲ್ಲ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಶುಗರ್‌ನಿಂದ ಸ್ಪರ್ಶ ಕಡಿಮೆಯಾದವರಿಗೆ ಚರ್ಮ ಸುಟ್ಟಿದ್ದೂ ತಿಳಿಯಲ್ಲ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ದಾವಣಗೆರೆ: ಮಂಡಿಗೆ ಏನು ಮಾಡೋದು ಮೇಡಂ? 63 ವರ್ಷ.

ಫಿಸಿಯೋ ಮೇಡಂ: ಮೇಲೆ ಬರೆದಿದ್ದೇನೆ.

ಮೈಸೂರು ಬುಗುರಿ: ವಯಸ್ಸು 68. ಹಾಲೆ ಮರದಲ್ಲಿ ಬುಗುರಿ ಕಡೀತೀನಿ, ಮೊಮ್ಮಕ್ಕಳಿಗೆ. ಇತ್ತೀಚೆಗೆ ಎರಡೂ ಕೈ ಜಡ. ಸಣ್ಣ ಸ್ಕ್ರೂ ಬೆರಳಿಂದ ಜಾರುತ್ತೆ, ಅಂಗಿ ಗುಂಡಿ ಹಾಕೋಕೆ ಮನೆಯವಳೇ ಬೇಕು. ನೋವಿಲ್ಲ. ಲೇತ್ (ಮರ ತಿರುಗಿಸಿ ಕಡೆಯೋ ಯಂತ್ರ) ಅದುರೋದಕ್ಕಾ, ವಯಸ್ಸಿಗಾ?

ಫಿಸಿಯೋ ಮೇಡಂ: ನಡಿಗೆ ಹೇಗಿದೆ ಸರ್? ಮೂತ್ರದ ಹಿಡಿತ? ಶುಗರ್ ಇದೆಯಾ?

ಮೈಸೂರು ಬುಗುರಿ: ಕತ್ತಲಲ್ಲಿ ತೂರಾಡುತ್ತೆ, ಮೆಟ್ಟಿಲಲ್ಲಿ ಕಂಬಿ ಹಿಡೀತೀನಿ. ಚಪ್ಪಲಿ ಜಾರಿದ್ದು ಗೊತ್ತಾಗಲ್ಲ. ಮೂತ್ರದ ತೊಂದರೆ ಇಲ್ಲ. ಶುಗರ್‌ಗೆ ಮೆಟ್‌ಫಾರ್ಮಿನ್, ಹತ್ತು ವರ್ಷದ ಮೇಲಾಯ್ತು. ಸಸ್ಯಾಹಾರಿ.

ಫಿಸಿಯೋ ಮೇಡಂ: ಸರ್, ಇದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿರಬೇಡಿ. ಮಣಿಕಟ್ಟಿನಲ್ಲಿ ನರ ಒತ್ತಿದ್ದರೆ ಹೆಚ್ಚಾಗಿ ರಾತ್ರಿ ಜುಮ್ಮೆನ್ನುತ್ತೆ, ಕೈ ಒದರಿದರೆ ಕಡಿಮೆಯಾಗುತ್ತೆ, ಸಾಮಾನ್ಯವಾಗಿ ಕಿರುಬೆರಳಿಗೆ ಬರಲ್ಲ. ಅದಕ್ಕೆ ಕಾಲು ತೂರಾಡಲ್ಲ. ಲೇತ್ ಅದುರೋದಕ್ಕೂ ತೂರಾಡಲ್ಲ. ಎರಡೂ ಕೈ ಜಡ, ಜೊತೆಗೆ ನಡಿಗೆ ತಪ್ಪೋದು ಅಂದರೆ ಕುತ್ತಿಗೆಯಲ್ಲಿ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿದೆಯಾ ಅಂತ ಮೊದಲು ನೋಡಬೇಕು. ನೋವೇ ಇಲ್ಲದೆ ಇದು ಬರಬಹುದು, ಅದಕ್ಕೇ ಜನ ತಡ ಮಾಡ್ತಾರೆ. ಕಳೆದುಕೊಂಡ ಬಲ ಆಮೇಲೆ ಪೂರ್ತಿ ವಾಪಸ್ ಬರದೇ ಇರಬಹುದು.

ಎರಡನೇ ಅನುಮಾನ ವಿಟಮಿನ್ ಬಿ12 ಕೊರತೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಅದು ಇಳಿಯಬಹುದು, ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆ. ಅದರ ಕೊರತೆಯೂ ಬೆನ್ನುಹುರಿಗೆ ಪೆಟ್ಟು ಕೊಡುತ್ತೆ. ರಕ್ತಪರೀಕ್ಷೆಯಲ್ಲಿ ತಿಳಿಯುತ್ತೆ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಈಗ ಒಂದು ಕೆಲಸ ಮಾಡಿ. 10 ಸೆಕೆಂಡಿನಲ್ಲಿ ಮುಷ್ಟಿ ಪೂರ್ತಿ ಬಿಗಿದು ಪೂರ್ತಿ ಬಿಚ್ಚೋದು ಎಷ್ಟು ಸಲ ಆಗುತ್ತೆ? ಸಾಮಾನ್ಯವಾಗಿ 20ರ ಹತ್ತಿರ ಬರುತ್ತೆ.

ಮೈಸೂರು ಬುಗುರಿ: 11. ಎಡಗೈ 9.

ಫಿಸಿಯೋ ಮೇಡಂ: ಈ ವಾರವೇ ನ್ಯೂರಾಲಜಿಸ್ಟ್ ಅಥವಾ ಬೆನ್ನುಮೂಳೆ ಸರ್ಜನ್ ಹತ್ತಿರ ಹೋಗಿ. ಕುತ್ತಿಗೆಯ ಎಂಆರ್‌ಐ ಬೇಕಾಗಬಹುದು, ಎಕ್ಸ್‌ರೇಯಲ್ಲಿ ಬೆನ್ನುಹುರಿ ಕಾಣಲ್ಲ. ನಡಿಗೆ ಒಮ್ಮೆಲೇ ಕೆಟ್ಟರೆ, ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ ವಾರ ಕಾಯಬೇಡಿ, ನೇರ ಎಮರ್ಜೆನ್ಸಿ.

ಶಿರಸಿ ಮಾವ: ಅಷ್ಟೆಲ್ಲ ಹೆದರಿಸಬೇಡಿ ಮೇಡಂ. ನಮ್ಮೂರಲ್ಲಿ ಕುತ್ತಿಗೆ ನೆಟಿಗೆ ತೆಗೆಯೋರಿದ್ದಾರೆ, ಒಂದೇ ಸಲಕ್ಕೆ ಸರಿಯಾಗುತ್ತೆ.

ಫಿಸಿಯೋ ಮೇಡಂ: ಇವರ ಕುತ್ತಿಗೆಗೆ ಯಾರೂ ಕೈ ಹಾಕಬಾರದು. ನೆಟಿಗೆ, ಮಾಲೀಶು, ಎಳೆಯೋದು ಯಾವುದೂ ಬೇಡ. ಒತ್ತಡದಲ್ಲಿರೋ ಬೆನ್ನುಹುರಿಯ ಮೇಲೆ ಹಾಗೆ ಮಾಡಿದರೆ ಕೈಕಾಲು ಬೀಳಬಹುದು. ಗೊತ್ತಿಲ್ಲದಿದ್ದರೆ ಹೇಳಬೇಡಿ.

ಹುಬ್ಬಳ್ಳಿ: ಮೈಸೂರಿನವರೇ, ಅಲ್ಲೀತನಕ ಕೈಗೆ ದಪ್ಪ ಗ್ಲೌಸ್ ಹಾಕ್ಕೊಂಡು ಲೇತ್ ಮಾಡ್ರಿ.

ಚನ್ನಪಟ್ಟಣ: ಏನ್ ಸ್ವಾಮಿ ಹೇಳ್ತಿದ್ದೀರ? ತಿರುಗೋ ಮರಕ್ಕೆ ಗ್ಲೌಸ್ ಸಿಕ್ಕಿಕೊಂಡರೆ ಕೈಯನ್ನೇ ಎಳ್ಕೊಳ್ಳುತ್ತೆ. ಲೇತ್ ಮುಂದೆ ಗ್ಲೌಸೂ ಬೇಡ, ಉದ್ದ ತೋಳಿನ ಅಂಗಿಯೂ ಬೇಡ.

ಹುಬ್ಬಳ್ಳಿ: ನಾ ಹಾಕ್ಕೊಂಡೇ ಮಾಡ್ತೀನ್ರಿ, ಏನೂ ಆಗಿಲ್ಲ.

ಚನ್ನಪಟ್ಟಣ: ಆಗೋದು ಒಂದೇ ಸಲ. ನಿಮ್ಮ ಕೈ ನಿಮ್ಮಿಷ್ಟ, ಬೇರೆಯವರಿಗೆ ಹೇಳಬೇಡಿ.

ಉಡುಪಿ: ಅದಕ್ಕೇ ನಾನು ಮೆಷಿನ್ ಮುಟ್ಟುವುದಿಲ್ಲ. ಉಳಿ, ಕೊಡತಿಯಲ್ಲಿ ಮಾಡಿದ್ದೇ ಮರಗೆಲಸ.

ಹುಬ್ಬಳ್ಳಿ: ಹೌದ್ರಿ, ಮೆಷಿನ್ ಮುಟ್ಟಿದವ್ರೆಲ್ಲ ಕಳ್ರು!

ಮಂಡ್ಯ ಅಕ್ಕ: ಮೇಡಂ, 59 ನನಗೆ. ಎಡಭುಜ ಮೇಲೆತ್ತೋಕೆ ಆಗ್ತಿಲ್ಲ, ಶುಗರ್ ಇದೆ. ಡ್ರಿಲ್ ಹಿಡಿಯಬಹುದಾ?

ಅಡ್ಮಿನ್: ಮೆಷಿನ್ ಜಗಳ ಇಲ್ಲಿಗೆ ಸಾಕು. ಅಕ್ಕನ ಪ್ರಶ್ನೆ ಯಾರಾದರೂ ನೋಡಿದಿರಾ?

ದಾವಣಗೆರೆ: ಮೇಡಂ, ಮಂಡಿಗೆ ಊರಲ್ಲಿ ಒಬ್ಬರು ಪುಡಿ ಕೊಡ್ತಾರೆ, ಎರಡೇ ದಿನದಲ್ಲಿ ನೋವು ಮಾಯ. ತಗೋಬಹುದಾ?

ಫಿಸಿಯೋ ಮೇಡಂ: ಬೇಡ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿದೆ. ಈಗಾಗಲೇ ತಿಂಗಳುಗಟ್ಟಲೆ ತಿಂದಿದ್ದರೆ ದಿಢೀರನೆ ನಿಲ್ಲಿಸಬೇಡಿ, ಪೊಟ್ಟಣ ಹಿಡಿದು ಡಾಕ್ಟರ ಹತ್ತಿರ ಹೋಗಿ.

ಮೈಸೂರು ಬುಗುರಿ: ಮಗಳಿಗೆ ಹೇಳಿದೆ, ನಾಳೆ ಸಂಜೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಒಂದು ಬುಗುರಿ ಅರ್ಧ ಆಗಿದೆ, ಬೆಳಿಗ್ಗೆ ಮುಗಿಸಲಾ?

ಫಿಸಿಯೋ ಮೇಡಂ: ಬೇಡ ಸರ್, ಬೆರಳಿಗೆ ಹಿಡಿತ ಇಲ್ಲದಾಗ ತಿರುಗೋ ಯಂತ್ರದ ಹತ್ತಿರ ಹೋಗಬಾರದು. ಅದರ ಬದಲು ಒಂದು ಚೀಟಿ ಬರೆದಿಡಿ: ಜಡ ಯಾವಾಗ ಶುರುವಾಯ್ತು, ಗುಂಡಿ, ಚಪ್ಪಲಿ, ಮೆಟ್ಟಿಲು, 11 ಮತ್ತು 9, ಮಾತ್ರೆಗಳ ಹೆಸರು. ಡಾಕ್ಟರ್ ಮುಂದೆ ನೋವಿಲ್ಲ ಅಂದು ಎದ್ದು ಬರಬೇಡಿ, ಚೀಟಿ ಓದಿ. ಮಗಳೂ ಜೊತೆಗಿರಲಿ.